ಸರ್ಕಲ್‌ನ ಸಿಪಾಯಿ ಮತ್ತು ಅವನ ಕೆಳಗಿನ ಕಲ್ಲು: ನಮ್ಮೂರ ಪುರಸಭೆಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಅಧ್ಯಕ್ಷರು, ಉಪಾಧ್ಯಕ್ಷರು, ಸರ್ವ ಸದಸ್ಯರು ಹಾಗೂ ಮುಖ್ಯಾಧಿಕಾರಿಗಳು,
ನಮ್ಮೂರ ಪುರಸಭೆ, ಬೆಳಗಾವಿ ಜಿಲ್ಲೆ.

ವಿಷಯ: ಬಸ್ ಸ್ಟ್ಯಾಂಡ್ ಎದುರಿನ ಸರ್ಕಲ್‌ನಲ್ಲಿರುವ ಸೈನಿಕನ ಮೂರ್ತಿ ತೆಗೆದು ಹದಿನೈದು ಅಡಿಯ ಹೊಸ ಮೂರ್ತಿ ಕೂಡಿಸುವ ಠರಾವಿನ ಕುರಿತು.

ಮಾನ್ಯರೇ,

ಹೋದ ಸಾಮಾನ್ಯ ಸಭೆಯ ಠರಾವನ್ನು ನಿಮ್ಮ ನೋಟಿಸ್ ಬೋರ್ಡಿನಲ್ಲಿ ನಿಂತು ಪೂರ್ತಿ ಓದಿದೆ. ಹಳೆಯ ಸಿಮೆಂಟಿನ ಸಿಪಾಯಿಯನ್ನು ಇಳಿಸುವುದು, ಕಟ್ಟೆ ಒಡೆಯುವುದು, ಫೈಬರ್ ಮೂರ್ತಿ ತರಿಸುವುದು, ಸುತ್ತ ಕಾರಂಜಿ, ಬಣ್ಣದ ದೀಪ, ನಿಂತು ಫೋಟೊ ತೆಗೆಸಿಕೊಳ್ಳಲು ಮೆಟ್ಟಿಲು. ದೀಪ ಎಷ್ಟು ವ್ಯಾಟಿನದು ಅನ್ನುವುದನ್ನೂ ಬರೆದಿದ್ದೀರಿ. ಆದರೆ ಆ ಮೂರ್ತಿ ಯಾರ ನೆನಪಿಗೆ ನಿಂತಿದೆಯೋ ಅವರ ಹೆಸರು ಎಲ್ಲಿ ಬರಬೇಕು ಅನ್ನುವುದಕ್ಕೆ ಠರಾವಿನಲ್ಲಿ ಒಂದು ಸಾಲೂ ಇಲ್ಲ. ನಮ್ಮೂರಿನಿಂದ, ಸುತ್ತಲ ಹಳ್ಳಿಗಳಿಂದ ಸೇನೆಗೆ ಹೋಗಿ ಜೀವ ಬಿಟ್ಟವರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿಸಿ. ನಾನು ಕೇಳುವುದು ಇಷ್ಟೇ. ಮೂರ್ತಿಯ ಎತ್ತರ, ಕಾರಂಜಿಯ ಬಣ್ಣ, ಅದೆಲ್ಲ ಆಮೇಲೆ ಮಾತಾಡೋಣ.

ನಾನು ಹವಾಲ್ದಾರನಾಗಿ ನಿವೃತ್ತನಾದವನು. ಈಗ ಸರ್ಕಲ್ ಎದುರಿನ ಬ್ಯಾಂಕಿನಲ್ಲಿ ಗಾರ್ಡ್. ನಿವೃತ್ತ ಫೌಜಿಗೆ ಇರುವ ಮೂರ್ನಾಲ್ಕು ದಾರಿಗಳಲ್ಲಿ ಇದೂ ಒಂದು ಅಂತ ನಿಮಗೆ ಗೊತ್ತಿದೆ. ಹಾಗಾಗಿ ಬೆಳಗಿನಿಂದ ಸಂಜೆಯವರೆಗೆ ಆ ಮೂರ್ತಿಯನ್ನು ನನ್ನಷ್ಟು ನೋಡುವವರು ಊರಲ್ಲಿ ಇನ್ನೊಬ್ಬರಿಲ್ಲ, ಅದರ ಕೆಳಗೆ ಬಾಳೆಹಣ್ಣಿನ ಗಾಡಿ ಹಚ್ಚುವವನನ್ನು ಬಿಟ್ಟರೆ.

ಕಟ್ಟೆಯನ್ನು ನೀವು ಇತ್ತೀಚೆಗೆ ಹತ್ತಿರ ಹೋಗಿ ನೋಡಿಲ್ಲವಾದರೆ ಒಮ್ಮೆ ನೋಡಿ. ಪೂರ್ವದ ಮುಖಕ್ಕೆ ಅಮೃತಶಿಲೆಯ ಫಲಕ ಕೂಡಿಸಿದ್ದಾರೆ. ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ಘನ ಉಪಸ್ಥಿತಿ, ಗೌರವ ಉಪಸ್ಥಿತಿ, ಆಗಿನ ಸದಸ್ಯರೆಲ್ಲರೂ, ಅಭಿಯಂತರರು, ಕೊನೆಗೆ ಗುತ್ತಿಗೆದಾರರು. ಇಪ್ಪತ್ತಕ್ಕೂ ಹೆಚ್ಚು ಹೆಸರು. ಒಬ್ಬರ ಹೆಸರು ಬಿಟ್ಟುಹೋಗಿತ್ತು ಅಂತ ಕಾಣುತ್ತದೆ, ಅದನ್ನು ಆಮೇಲೆ ಕೆಳಗೆ ಸಣ್ಣ ಅಕ್ಷರದಲ್ಲಿ ಸೇರಿಸಿದ್ದಾರೆ. ಇನ್ನು ಮೂರು ಮುಖಗಳಲ್ಲಿ ಒಂದರ ಮೇಲೆ ‘ಅಮರ ಜವಾನ’ ಎಂದು ಕೆಂಪು ಬಣ್ಣದಲ್ಲಿ ಬರೆದಿದೆ. ಉಳಿದೆರಡು ಖಾಲಿ. ಖಾಲಿ ಅಂದರೂ ಖಾಲಿಯಲ್ಲ, ಕೋಚಿಂಗ್ ಕ್ಲಾಸಿನ ಭಿತ್ತಿಪತ್ರ, ಮೂಲವ್ಯಾಧಿ ಗ್ಯಾರಂಟಿ ಗುಣ ಅನ್ನುವ ಭಿತ್ತಿಪತ್ರ ಒಂದರ ಮೇಲೊಂದು ಅಂಟಿವೆ. ತೆರೆದ ಸ್ಥಳಗಳ ವಿರೂಪ ತಡೆಯುವ 1981ರ ಕಾಯ್ದೆ ನಿಮ್ಮ ಕಪಾಟಿನಲ್ಲೇ ಇರುತ್ತದೆ. ಅದರ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ.

ಇನ್ನು ಸಿಪಾಯಿ. ಅವನನ್ನು ಮಾಡಿದ ಕಲಾವಿದ ಶ್ರದ್ಧೆಯಿಂದಲೇ ಮಾಡಿದ್ದಾನೆ, ಆದರೆ ಬಂದೂಕನ್ನು ಹತ್ತಿರದಿಂದ ನೋಡಿದವನಲ್ಲ. ಕೈಯಲ್ಲಿರುವುದು 1962ರಲ್ಲಿ ನಮ್ಮವರು ಹಿಡಿದು ಹೋದ ತ್ರೀ ನಾಟ್ ತ್ರೀಯೂ ಅಲ್ಲ, ನಾವು ಹೊತ್ತು ತಿರುಗಿದ ಎಸ್‌ಎಲ್‌ಆರೂ ಅಲ್ಲ, ಕಾರ್ಗಿಲ್ ಕಾಲದ ಇನ್ಸಾಸೂ ಅಲ್ಲ. ಮ್ಯಾಗಜೀನ್ ಇರಬೇಕಾದಲ್ಲಿ ಒಂದು ಡಬ್ಬಿ ಅಂಟಿದೆ. ಬೆರಳು ಟ್ರಿಗರ್ ಮೇಲಿದೆ, ನಳಿಕೆ ನೇರವಾಗಿ ಬಸ್ ಸ್ಟ್ಯಾಂಡಿನ ಮೂತ್ರಿಖಾನೆಯ ಕಡೆಗಿದೆ. ಪ್ರತಿ ವರ್ಷ ಆಗಸ್ಟ್ 14ರ ಸಂಜೆ ಬೋರ್ಡ್ ಬರೆಯುವ ಪೇಂಟರ್ ಏಣಿ ಹಾಕಿ ಆಯಿಲ್ ಪೇಂಟ್ ಬಳಿಯುತ್ತಾನೆ. ವರ್ಷಾ ಒಂದೊಂದು ಪದರ ಸೇರಿ ಗುಂಡಿಗಳು, ಬೆಲ್ಟು, ತೋಳಿನ ಪಟ್ಟಿ ಎಲ್ಲ ಮಂಕಾಗಿವೆ, ಮೀಸೆ ಮಾತ್ರ ದಪ್ಪಗಾಗುತ್ತ ಬಂದಿದೆ. ಎಡಗಾಲಿನ ಬೂಟಿನ ಹತ್ತಿರ ಸಿಮೆಂಟ್ ಸೀಳಿ ಒಳಗಿನ ಕಬ್ಬಿಣ ತುಕ್ಕು ಹಿಡಿದು ಹೊರಗೆ ಕಾಣುತ್ತಿದೆ. ಮಳೆನೀರು ಇಳಿದು ಕಬ್ಬಿಣ ಉಬ್ಬಿ ಸಿಮೆಂಟನ್ನು ಒಡೆಯುತ್ತದೆ. ಹಾಗಾಗಿ ದುರಸ್ತಿ ಬೇಕು ಅನ್ನುವುದನ್ನು ನಾನೂ ಒಪ್ಪುತ್ತೇನೆ.

ಮೀಸೆಯ ಮಾತು ಬಂತು. ನಮ್ಮ ಬ್ಯಾಂಕಿಗೆ ಒಬ್ಬ ಮುದುಕಿ ಬರುತ್ತಾರೆ, ಹತ್ತಿರದ ಹಳ್ಳಿಯವರು. ಮಗ ಸೇನೆಯಲ್ಲಿದ್ದಾಗ ತೀರಿಕೊಂಡ, ಇವರಿಗೆ ಕುಟುಂಬ ಪಿಂಚಣಿ. ನವೆಂಬರ್‌ನಲ್ಲಿ ಲೈಫ್ ಸರ್ಟಿಫಿಕೇಟ್ ಕೊಡಲು ಬಂದಾಗ ಬೆರಳಚ್ಚು ಯಂತ್ರ ಅವರ ಬೆರಳನ್ನು ಒಂದೇ ಸಲಕ್ಕೆ ಹಿಡಿಯುವುದಿಲ್ಲ, ಗೆರೆಗಳು ಸವೆದಿವೆ. ಕಾಯುತ್ತ ನನ್ನ ಸ್ಟೂಲಿನ ಹತ್ತಿರ ಕೂತಿದ್ದರು. ಸರ್ಕಲ್ ಕಡೆ ನೋಡಿ, “ಹೊಸಾ ಮೂರ್ತಿ ತರ್ತಾರಂತಲ್ಲೋ ತಮ್ಮಾ” ಅಂದರು. ಹೌದು ಯವ್ವಾ ಅಂದೆ. “ಅದಕ್ಕರ ಮೀಸಿ ಇಲ್ದಂಗ ಮಾಡಸ್ಲಿಕ್ಕೆ ಹೇಳು. ಇದನ್ನ ತೋರ್ಸಿ ಮಂದಿ ನಿನ್ನ ಮಗಾ ಅಂತಾರ. ಅವಗ ಇನ್ನಾ ಮೀಸಿ ಸುದ್ದ ಬಂದಿದ್ದಿಲ್ಲ.” ಅಷ್ಟು ಹೇಳಿ ಮತ್ತೆ ಕೌಂಟರ್ ಕಡೆ ತಿರುಗಿದರು, ಟೋಕನ್ ನಂಬರ್ ಕೂಗಿದ್ದರು.

ಮಾನ್ಯರೇ, ಆ ತಾಯಿ ಕೇಳಿದ್ದನ್ನು ಯಾವ ಶಿಲ್ಪಿಯೂ ಮಾಡಿಕೊಡಲಾರ. ಒಂದು ಮುಖದಲ್ಲಿ ಎಲ್ಲರ ಮಗನನ್ನು ತರುವುದಕ್ಕೆ ಬರುವುದಿಲ್ಲ. ಆದರೆ ಎಲ್ಲರ ಮಗನ ಹೆಸರನ್ನು ಒಂದು ಕಲ್ಲಿನ ಮೇಲೆ ತರಬಹುದು, ಅದಕ್ಕೆ ಹದಿನೈದು ಅಡಿ ಬೇಕಿಲ್ಲ.

ಇದು ದಿಲ್ಲಿಯಿಂದ ಕಲಿಯಬೇಕಾದ ವಿದ್ಯೆಯೇನಲ್ಲ. ನಮ್ಮ ಹನುಮಪ್ಪನ ಗುಡಿಯ ಹಿಂದೆ ಅರ್ಧ ನೆಲದಲ್ಲಿ ಹೂತ ವೀರಗಲ್ಲು ಇದೆ. ಹೆಣ್ಣುಮಕ್ಕಳು ಅಮಾವಾಸ್ಯೆಗೆ ಎಣ್ಣೆ ಹಚ್ಚುತ್ತಾರೆ, ಹುಡುಗರು ಉಳಿದ ದಿನ ಸೈಕಲ್ ಆನಿಸುತ್ತಾರೆ. ಕೆಳಗೆ ಕಾದಾಟ, ನಡುವೆ ಅವನನ್ನು ಮೇಲಕ್ಕೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ, ನೆತ್ತಿಯ ಮೇಲೆ ಸೂರ್ಯ ಚಂದ್ರ. ಕನ್ನಡ ನಾಡಿನ ತುಂಬ ಇಂಥ ಕಲ್ಲುಗಳಿವೆ. ಅಕ್ಷರವಿರುವ ಕಲ್ಲುಗಳನ್ನು ಓದಿದವರು ಹೇಳುವುದು ಹೀಗೆ: ಯಾವ ಅರಸನ ಕಾಲ, ಯಾವ ಊರಿನ ದನ ಹೊಡೆದುಕೊಂಡು ಹೋದರು, ತುರು ಬಿಡಿಸಲು ಹೋಗಿ ಸತ್ತವನು ಯಾರು, ಯಾರ ಮಗ, ಕಲ್ಲು ನಿಲ್ಲಿಸಿದ್ದು ಅವನ ಹೆಂಡತಿಯೋ ತಮ್ಮನೋ, ಎಲ್ಲ ಬರೆದಿರುತ್ತದೆ. ಹತ್ತನೆಯ ಶತಮಾನದ ಆತಕೂರಿನ ಕಲ್ಲಿನಲ್ಲಿ ಹಂದಿಯ ಜೊತೆ ಕಾದಾಡಿ ಸತ್ತ ನಾಯಿಯ ಹೆಸರೂ ಇದೆ, ಕಾಳಿ ಅಂತ. ಸಾವಿರ ವರ್ಷದ ಹಿಂದೆ ಒಂದು ನಾಯಿಗೆ ಸಿಕ್ಕ ಮರ್ಯಾದೆ ನಮ್ಮ ಹುಡುಗರಿಗೆ ಸಿಕ್ಕಿಲ್ಲ. ಈ ಮಾತು ಖಾರವಾಯಿತು ಅನ್ನಿಸಿದರೆ ಅನ್ನಿಸಲಿ.

ಕಿತ್ತೂರಿನ ಕಡೆ ಹೋದರೆ, 1824ರ ಅಕ್ಟೋಬರ್ 23ರಂದು ಬ್ರಿಟಿಷ್ ಕಲೆಕ್ಟರ್ ಠ್ಯಾಕರೆಗೆ ಗುಂಡು ಹೊಡೆದವನು ಯಾರು ಅಂತ ಕೇಳಿ. ಶಾಲೆಗೆ ಹೋಗದ ಮುದುಕರೂ ಅಮಟೂರ ಬಾಳಪ್ಪ ಅನ್ನುತ್ತಾರೆ. ಅವನು ಅರಸನೂ ಅಲ್ಲ, ದೇಸಾಯಿಯೂ ಅಲ್ಲ. ಹಾಡುವವರು ಹೆಸರು ಬಿಡಲಿಲ್ಲ, ಅಷ್ಟೇ.

ಬ್ರಿಟಿಷರ ಕಾಲದಲ್ಲಿ ಈ ಪದ್ಧತಿ ಕೆಟ್ಟಿತು ಅನ್ನಿಸುತ್ತದೆ ನನಗೆ. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ದೇಶದ ಅನೇಕ ಹಳ್ಳಿಗಳಲ್ಲಿ ಸರ್ಕಾರ ಸಣ್ಣ ಕಲ್ಲಿನ ಫಲಕ ಹಾಕಿಸಿತು. ಈ ಊರಿನಿಂದ 1914ರಿಂದ 1919ರ ಯುದ್ಧಕ್ಕೆ ಇಷ್ಟು ಜನ ಹೋದರು, ಅವರಲ್ಲಿ ಇಷ್ಟು ಜನ ಪ್ರಾಣ ಕೊಟ್ಟರು. ಬರೀ ಲೆಕ್ಕ, ಹೆಸರಿಲ್ಲ. ದಿಲ್ಲಿಯ ಇಂಡಿಯಾ ಗೇಟಿನ ಮೇಲೆ 13,000ಕ್ಕೂ ಹೆಚ್ಚು ಹೆಸರು ಕೆತ್ತಿದವರು ಹಳ್ಳಿಗೆ ಬಂದಾಗ ಲೆಕ್ಕ ಬರೆದು ಕೈ ತೊಳೆದುಕೊಂಡರು. ಸ್ವಾತಂತ್ರ್ಯ ಬಂದ ಮೇಲೆ ನಮ್ಮಂಥ ಊರುಗಳಲ್ಲಿ ಆ ಲೆಕ್ಕವೂ ಹೋಗಿ ಬರೀ ‘ಅಮರ ಜವಾನ’ ಉಳಿಯಿತು.

ನಮ್ಮದು ಸೈನಿಕರ ಜಿಲ್ಲೆ ಅಂತ ಪ್ರತಿ ಭಾಷಣದಲ್ಲೂ ಕೇಳುತ್ತೇವೆ. ಸುಳ್ಳಲ್ಲ. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರವಿದೆ, 1768ರಿಂದ ಬಂದ ಪಲ್ಟನ್ ಅದು. ಸಾಂಬ್ರಾದಲ್ಲಿ ವಾಯುಪಡೆಯವರು ತರಬೇತಿ ಪಡೆಯುತ್ತಾರೆ. 1961ರ ಡಿಸೆಂಬರ್‌ನಲ್ಲಿ ಗೋವಾ ಬಿಡಿಸಲು ಹೋದ ದಂಡು ಬಂದು ಸೇರಿದ್ದು ಬೆಳಗಾವಿಯಲ್ಲೇ. ಬೆಳಗಾವಿಯ ಕೇಂದ್ರದೊಳಗೆ ಶರ್ಕತ್ ಸ್ಮಾರಕ ಅಂತ ಇದೆ. 1918ರಲ್ಲಿ ಈಗಿನ ಇರಾಕ್‌ನ ಶರ್ಕತ್‌ನಲ್ಲಿ ಮರಾಠಾ ಪಲ್ಟನ್ ಕಾದಿದ ಯುದ್ಧದ ನೆನಪು ಅದು. ಬಸರಾ ಅಂದರೆ ಅದೇ ಇರಾಕ್‌ನ ಬಂದರು; ನಮ್ಮ ಹಳ್ಳಿಗಳಲ್ಲಿ ‘ಬಸರಾಕ್ಕ ಹೋದಾಂವ ಬರಲಿಲ್ಲ’ ಅನ್ನುವ ಮಾತು ಅಜ್ಜಿಯರ ಬಾಯಲ್ಲಿತ್ತು. ಆ ಹೋದವನು ಯಾರು ಅಂತ ಈಗ ಆ ಮನೆಯವರಿಗೂ ಗೊತ್ತಿಲ್ಲ.

ಅದೇ ಮರಾಠಾ ಪಲ್ಟನ್ನಿನ ನಾಯಕ್ ಯಶವಂತ ಘಾಡ್ಗೆ 1944ರ ಜುಲೈ 10ರಂದು ಇಟಲಿಯಲ್ಲಿ, ತನ್ನ ಟೋಳಿಯವರೆಲ್ಲ ಗುಂಡಿಗೆ ಬಿದ್ದ ಮೇಲೂ ಒಬ್ಬನೇ ಮಷಿನ್ ಗನ್ನಿನ ಮೇಲೆ ನುಗ್ಗಿ ಸತ್ತ. ಆಗ ಅವನಿಗೆ ಇಪ್ಪತ್ತೆರಡು. ವಿಕ್ಟೋರಿಯಾ ಕ್ರಾಸ್ ಬಂತು. 2023ರ ಜುಲೈನಲ್ಲಿ ಇಟಲಿಯ ಮೊಂತೋನೆ ಎಂಬ ಗುಡ್ಡದ ಮೇಲಿನ ಸಣ್ಣ ಊರು ಅವನ ಹೆಸರಿನಲ್ಲಿ ಒಂದು ನೆರಳುಗಡಿಯಾರದ ಸ್ಮಾರಕ ಮಾಡಿತು. ನಮ್ಮ ಪುರಸಭೆಗಿಂತ ಸಣ್ಣ ಆಡಳಿತ ಅದು. ತಮ್ಮ ನೆಲದಲ್ಲಿ ಸತ್ತ ಪರದೇಶದ ಸಿಪಾಯಿಯ ಹೆಸರು ಹುಡುಕಿ ಬರೆಸಲು ಅವರಿಗೆ ಎಪ್ಪತ್ತೊಂಬತ್ತು ವರ್ಷ ಹಿಡಿಯಿತು, ಆದರೆ ಬರೆಸಿದರು. ಅದಕ್ಕೂ ಮೊದಲೇ ಕ್ಯಾಸಿನೊದ ಯುದ್ಧ ಸ್ಮಾರಕದಲ್ಲಿ ಅವನ ಹೆಸರಿತ್ತು. ಅಂಥ ಸ್ಮಾರಕಗಳ ನಿಯಮವನ್ನು ನೀವು ಗಮನಿಸಬೇಕು: ಅಧಿಕಾರಿಯೆಂದು ದೊಡ್ಡ ಕಲ್ಲಿಲ್ಲ, ಸಿಪಾಯಿಯೆಂದು ಸಣ್ಣ ಕಲ್ಲಿಲ್ಲ. ಜಾತಿ, ಧರ್ಮ, ದರ್ಜೆ ಏನೇ ಇರಲಿ ಒಂದೇ ಅಳತೆಯ ಅಕ್ಷರ.

ದಿಲ್ಲಿಯ ರಾಷ್ಟ್ರೀಯ ಯುದ್ಧ ಸ್ಮಾರಕ 2019ರ ಫೆಬ್ರವರಿ 25ರಂದು ಉದ್ಘಾಟನೆಯಾಯಿತಲ್ಲ, ಅಲ್ಲಿಯೂ ಇದೇ. ತ್ಯಾಗ ಚಕ್ರ ಅನ್ನುವ ಸುತ್ತಿನ ಗೋಡೆಗಳಲ್ಲಿ 25,000ಕ್ಕೂ ಹೆಚ್ಚು ಹೆಸರುಗಳಿವೆ, ಗ್ರಾನೈಟ್ ಮೇಲೆ. ನಮ್ಮ ಹುಡುಗರ ಹೆಸರು ಅಲ್ಲಿರಬಹುದಲ್ಲ, ಇಲ್ಲಿ ಮತ್ತೆ ಯಾಕೆ ಅಂತ ಒಬ್ಬ ಸದಸ್ಯರು ನನ್ನನ್ನು ಕೇಳಿದರು. ಇರಬಹುದು. ಆ ತಾಯಿ ಸಂತೆಗೆ ಬರುವುದು ಇಲ್ಲಿಗೆ, ದಿಲ್ಲಿಗಲ್ಲ.

ಈಗ ಕಾನೂನಿನ ಮಾತು. ಇದನ್ನು ಮುಖ್ಯಾಧಿಕಾರಿಗಳು ದಯವಿಟ್ಟು ಎರಡು ಸಲ ಓದಬೇಕು. ಸಾರ್ವಜನಿಕ ರಸ್ತೆ, ಪಾದಚಾರಿ ದಾರಿ, ರಸ್ತೆಯ ಬದಿ ಮತ್ತು ಸಾರ್ವಜನಿಕ ಉಪಯೋಗದ ಜಾಗಗಳಲ್ಲಿ ಹೊಸದಾಗಿ ಯಾವುದೇ ಪ್ರತಿಮೆ ನಿಲ್ಲಿಸಲು, ಕಟ್ಟಡ ಕಟ್ಟಲು ಅನುಮತಿ ಕೊಡಬಾರದು ಎಂದು ಸುಪ್ರೀಂ ಕೋರ್ಟ್ 2013ರ ಜನವರಿ 18ರಂದು ಎಲ್ಲ ರಾಜ್ಯಗಳಿಗೆ ಹೇಳಿದೆ. ಬೀದಿದೀಪ, ಹೈಮಾಸ್ಟ್ ದೀಪ, ಸಂಚಾರ, ರಸ್ತೆ ಅಂದಗೊಳಿಸುವುದು, ಸಾರ್ವಜನಿಕ ಸೌಲಭ್ಯ, ಇಂಥ ಕೆಲಸಗಳಿಗೆ ವಿನಾಯಿತಿ ಇದೆ, ಮೂರ್ತಿಗೆ ಅಲ್ಲ. ನಮ್ಮ ಸರ್ಕಲ್ ನಾಲ್ಕು ರಸ್ತೆ ಕೂಡುವ ಜಾಗ. ನೀವು ಹಳೆಯದನ್ನು ಇಳಿಸಿದ ಮೇಲೆ ಯಾರಾದರೂ ಕೋರ್ಟಿಗೆ ಹೋದರೆ ಏನಾದೀತು? ಕಟ್ಟೆ ಒಡೆದಿರುತ್ತದೆ, ಹೊಸ ಮೂರ್ತಿ ತಾಡಪಾಲಿನಲ್ಲಿ ಸುತ್ತಿಕೊಂಡು ಪುರಸಭೆಯ ಗೋದಾಮಿನಲ್ಲಿ ಟ್ರ್ಯಾಕ್ಟರ್ ಪಕ್ಕ ಮಲಗಿರುತ್ತದೆ. ಮೂರ್ತಿಯನ್ನು ಹಾಗೆ ಮಲಗಿಸಿದ ಊರುಗಳನ್ನು ನೀವೂ ನೋಡಿದ್ದೀರಿ. ನಮ್ಮ ಜಿಲ್ಲೆಯಲ್ಲಂತೂ ಮೂರ್ತಿ ಅಂದರೆ ಬೇಗ ಬಿಸಿಯಾಗುವ ವಿಷಯ. 2020ರ ಆಗಸ್ಟ್‌ನಲ್ಲಿ ಪೀರಣವಾಡಿಯಲ್ಲಿ ರಾಯಣ್ಣನ ಮೂರ್ತಿಯ ಸಲುವಾಗಿ ಎಷ್ಟು ದಿನ ಪೊಲೀಸರು ನಿಲ್ಲಬೇಕಾಯಿತು ಅನ್ನುವುದು ಮರೆಯುವಂಥದ್ದಲ್ಲ. ಸಿಪಾಯಿಯ ಮೂರ್ತಿಗೂ ನಾಳೆ ‘ಇವನು ಯಾವ ಪಲ್ಟನ್ನಿನವ, ಯಾವ ಭಾಷೆಯವ’ ಅಂತ ಯಾರೂ ಕೇಳುವುದಿಲ್ಲ ಅಂತ ನಾನು ಹೇಳಲಾರೆ.

ಅದಕ್ಕೆ ನನ್ನ ಸಲಹೆ ಇಷ್ಟು. ಹಳೆಯ ಸಿಪಾಯಿ ಇದ್ದಲ್ಲೇ ಇರಲಿ. ಬೂಟಿನ ಹತ್ತಿರದ ಬಿರುಕು ಮುಚ್ಚಿಸಿ, ಹಳೆಯ ಪೇಂಟಿನ ಪದರ ಕೆರೆಸಿ, ಒಂದು ಸಲ ಸರಿಯಾಗಿ ಬಣ್ಣ ಹೊಡೆಸಿ. ಹೆಸರಿನ ಕಲ್ಲುಗಳನ್ನು ರಸ್ತೆಯ ನಡುವೆ ಹಾಕುವುದು ಬೇಡ. ಅಲ್ಲಿ ನಿಂತು ಓದುವುದಕ್ಕೆ ಲಾರಿಗಳು ಬಿಡುವುದಿಲ್ಲ. ಪುರಸಭೆಯ ಉದ್ಯಾನದ ಕಂಪೌಂಡ್ ಗೋಡೆ ಸರ್ಕಲ್‌ಗೆ ಎದುರಾಗಿಯೇ ಇದೆ. ಅದರ ಒಳಮುಖಕ್ಕೆ ಕಲ್ಲು ಕೂಡಿಸಿದರೆ ಬೇವಿನ ಮರದ ನೆರಳೂ ಇದೆ, ಮುದುಕರು ಕೂತು ಓದಬಹುದು, ತಾವೇ ಓದಲು ಬಾರದವರು ಬೆರಳಿಂದ ಮುಟ್ಟಿ ನೋಡಬಹುದು.

ಇಲ್ಲ, ಹೊಸ ಮೂರ್ತಿ ಮಾಡಿಸಲೇಬೇಕು ಅಂತ ಹಟವಿದ್ದರೆ, ಆ ಆದೇಶಕ್ಕೆ ಅಡ್ಡ ಬರುವುದಿಲ್ಲವೇ ಅಂತ ವಕೀಲರನ್ನು ಕೇಳಿ ಉದ್ಯಾನದಲ್ಲೇ ಮಾಡಿಸಿ, ಆದರೆ ಮುಖ ಬೇಡ. ಸ್ಮಾರಕದ ಮುಂದೆ ಪರೇಡ್ ನಿಂತಾಗ ‘ಸಲಾಮಿ ಶಸ್ತ್ರ’ ಆದ ಮೇಲೆ ‘ಶೋಕ ಶಸ್ತ್ರ’ ಅನ್ನುವ ಆಜ್ಞೆ ಬರುತ್ತದೆ. ಆಗ ರೈಫಲ್ ತಲೆಕೆಳಗಾಗುತ್ತದೆ, ನಳಿಕೆ ಬೂಟಿನ ತುದಿಯ ಹತ್ತಿರ, ಎರಡೂ ಕೈ ಹಿಡಿಕೆಯ ಮೇಲೆ, ತಲೆ ಬಗ್ಗಿದ್ದು. ಸತ್ತವರ ಗೌರವಕ್ಕೆ ಬಿಗುಲ್ ಮೇಲೆ ಊದುವ ಲಾಸ್ಟ್ ಪೋಸ್ಟ್ ರಾಗ ಆ ಹೊತ್ತಿಗೇ. ಸತ್ತವರ ಜಾಗದಲ್ಲಿ ಬಂದೂಕು ಇರಬೇಕಾದ್ದು ಹಾಗೆ, ಯಾರ ಮೇಲೂ ಗುರಿಯಿಟ್ಟು ಅಲ್ಲ. 1972ರ ಜನವರಿ 26ರಿಂದ ಇಂಡಿಯಾ ಗೇಟಿನ ಕೆಳಗೆ ಇದ್ದದ್ದೂ ತಲೆಕೆಳಗಾದ ರೈಫಲ್, ಅದರ ಮೇಲೊಂದು ಹೆಲ್ಮೆಟ್. ಅಷ್ಟೇ. ಅದಕ್ಕೆ ಮೀಸೆಯ ಪ್ರಶ್ನೆಯೇ ಬರುವುದಿಲ್ಲ. ಖರ್ಚೂ ಕಡಿಮೆ. ಫೈಬರ್ ಮಾತ್ರ ಬೇಡ. ನಮ್ಮ ಕಡೆಯ ಬಿಸಿಲಿಗೆ ಅದರ ಬಣ್ಣ ಪೇಲವವಾಗಿ ಮೈಮೇಲೆ ಸುಣ್ಣದಂಥ ಪುಡಿ ಏಳುತ್ತದೆ.

ಯಾರ ಹೆಸರು ಬರೆಯಬೇಕು, ಯಾರದು ಬಿಡಬೇಕು ಅನ್ನುವಲ್ಲಿ ಜಗಳ ಬರುತ್ತದೆ, ಅದು ನನಗೂ ಗೊತ್ತು. ಗುಂಡು ಬಿದ್ದು ಸತ್ತವನು ಮಾತ್ರ ಹುತಾತ್ಮ, ಉಳಿದವರು ಬರೀ ಸತ್ತವರು ಅನ್ನುವ ಲೆಕ್ಕವನ್ನು ಕಚೇರಿಗಳು ಹಣ ಕೊಡುವಾಗ ಇಟ್ಟುಕೊಳ್ಳಲಿ, ಊರು ಇಟ್ಟುಕೊಳ್ಳಬಾರದು. ಪಕ್ಕದ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ನೆನಪಿಸಿಕೊಳ್ಳಿ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮದ ಗೋಡೆ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಜನ ಹೂತುಹೋದರು. ಆರನೆಯ ದಿನ ಅಗೆದಾಗ ಇವರು ಒಬ್ಬರೇ ಉಸಿರಾಡುತ್ತಿದ್ದರು, 11ರಂದು ದಿಲ್ಲಿಯಲ್ಲಿ ತೀರಿಕೊಂಡರು. ಅಲ್ಲಿ ಶತ್ರು ಯಾರೂ ಇರಲಿಲ್ಲ, ಹಿಮವೇ ಇದ್ದದ್ದು. ಅವರನ್ನು ಯಾವ ಊರಾದರೂ ಪಟ್ಟಿಯಿಂದ ಬಿಟ್ಟೀತೆ? 1984ರಿಂದ ಆ ಹಿಮನದಿಯ ಮೇಲೆ ಗುಂಡಿಗಿಂತ ಚಳಿ, ಹಿಮಪಾತ ತಿಂದ ಜೀವಗಳೇ ಹೆಚ್ಚು. ಸೇನೆಯ ಟ್ರಕ್ಕು ಕಣಿವೆಗೆ ಉರುಳಿ ಸತ್ತವನು, ಪ್ರವಾಹದಲ್ಲಿ ಜನರನ್ನು ಎತ್ತಲು ಹೋಗಿ ಕೊಚ್ಚಿಹೋದವನು, ಇವರೂ ಕರ್ತವ್ಯದ ಮೇಲಿದ್ದವರೇ.

ಸಿಆರ್‌ಪಿಎಫ್, ಬಿಎಸ್‌ಎಫ್ ಹುಡುಗರೂ ಬರಬೇಕು. ಅವರಿಗೆ ದಿಲ್ಲಿಯಲ್ಲಿ ಬೇರೆ ಪೊಲೀಸ್ ಸ್ಮಾರಕವಿದೆ, ಬೇರೆ ಸಚಿವಾಲಯ, ಬೇರೆ ಪಿಂಚಣಿ. ನಮ್ಮ ಓಣಿಗೆ ಬಂದ ಪೆಟ್ಟಿಗೆ ಎರಡೂ ಕಡೆಯದು ಒಂದೇ ಅಳತೆಯದಾಗಿತ್ತು. 1987ರಿಂದ 90ರವರೆಗೆ ಶ್ರೀಲಂಕಾಕ್ಕೆ ಹೋದವರನ್ನು ಬಿಡಬಾರದು. ಅಲ್ಲಿ ನಮ್ಮವರು ಸಾವಿರಕ್ಕೂ ಹೆಚ್ಚು ಸತ್ತರು. ಕೊಲಂಬೊ ಹತ್ತಿರ ಅವರ ಹೆಸರಿನ ಸ್ಮಾರಕವಿದೆ, ನಮ್ಮೂರಲ್ಲಿ ಮಾತ್ರ ಆ ಯುದ್ಧದ ಸುದ್ದಿ ಎತ್ತುವವರೇ ಇಲ್ಲ. 2022ರಿಂದ ಅಗ್ನಿವೀರರಾಗಿ ಹೋಗುತ್ತಿರುವ ಹುಡುಗರು ನಾಲ್ಕೇ ವರ್ಷದವರು ಅಂತ ಬೇರೆ ಸಾಲು ಮಾಡುವುದು ಬೇಡ. ಮತ್ತು ಬ್ರಿಟಿಷರ ಫೌಜಿನಲ್ಲಿದ್ದವರು. ‘ಅವರು ಬ್ರಿಟಿಷ್ ರಾಜನ ಸಲುವಾಗಿ ಸತ್ತರು, ದೇಶದ ಸಲುವಾಗಿ ಅಲ್ಲ’ ಅನ್ನುವವರಿದ್ದಾರೆ. ಹೊಟ್ಟೆಪಾಡಿಗೆ ಹೋದರು, ಹೌದು. ನಾನೂ ಭರ್ತಿಯಾದಾಗ ಮನೆಯಲ್ಲಿ ಎರಡು ಎಕರೆ ಒಣಭೂಮಿ, ಐದು ಜನ ಇದ್ದೆವು. ಸಿಕ್ಕಷ್ಟು ಹೆಸರು ಬರೆಯಿರಿ.

ಪಟ್ಟಿ ಮಾಡುವುದು ಕಷ್ಟವಲ್ಲ, ಆದರೆ ಅವಸರದ ಕೆಲಸವಲ್ಲ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ಅವಲಂಬಿತರ ದಾಖಲೆ ಇರುತ್ತದೆ. ಪ್ರತಿ ರೆಜಿಮೆಂಟಿಗೂ ರೆಕಾರ್ಡ್ ಆಫೀಸ್ ಇದೆ, ಪುರಸಭೆಯ ಪತ್ರಕ್ಕೆ ಉತ್ತರ ಬರುತ್ತದೆ. ಹಳೆಯವಕ್ಕೆ ಮನೆಗಳಿಗೇ ಹೋಗಬೇಕು, ಟ್ರಂಕಿನ ತಳದಲ್ಲಿ ಮೆಡಲ್ಲು, ತಾರು, ಡಿಸ್ಚಾರ್ಜ್ ಪುಸ್ತಕ ಸಿಗುತ್ತವೆ. ನಮ್ಮ ಮಾಜಿ ಸೈನಿಕರು ಮತ್ತು ಹೈಸ್ಕೂಲಿನ ಇಬ್ಬರು ಮೇಷ್ಟ್ರು ಕೂಡಿ ಈಗಾಗಲೇ ಒಂದು ಕಚ್ಚಾ ಪಟ್ಟಿ ಮಾಡಿದ್ದೇವೆ. ಅದನ್ನು ಮತದಾರರ ಪಟ್ಟಿಯ ಹಾಗೆ ಒಂದು ತಿಂಗಳು ನಿಮ್ಮ ನೋಟಿಸ್ ಬೋರ್ಡಿಗೆ, ಪ್ರತಿ ಪಂಚಾಯಿತಿಗೆ ಅಂಟಿಸಿ ಆಕ್ಷೇಪಣೆ ಕರೆಯಿರಿ.

ಹೆಸರು ಬರೆಯುವಾಗ ಮನೆಯವರನ್ನು ಕೇಳಿಯೇ ಬರೆಯಿರಿ ಅಂತ ಒತ್ತಿ ಹೇಳುತ್ತೇನೆ. ಸೇನೆಯ ಕಾಗದದಲ್ಲಿ ನಮ್ಮ ಕಡೆಯ ಹೆಸರುಗಳು ಏನೇನೋ ಆಗಿರುತ್ತವೆ. ಉಳ್ಳಾಗಡ್ಡಿ, ಮೆಣಸಿನಕಾಯಿ ಅನ್ನುವ ಅಡ್ಡಹೆಸರುಗಳನ್ನು ಉತ್ತರದ ಕಡೆಯ ಕ್ಲಾರ್ಕ್ ಹೇಗೆ ಬರೆದುಕೊಂಡಿರಬಹುದು ಯೋಚಿಸಿ. ಹಾಜರಿ ಕೂಗುವಾಗ ಇಡೀ ಪ್ಲಟೂನ್ ನಗುತ್ತಿತ್ತು, ಆ ಹುಡುಗ ಮಾತ್ರ ಗಂಭೀರವಾಗಿ ‘ಹಾಜಿರ್ ಸಾಬ್’ ಅನ್ನುತ್ತಿದ್ದ. ಕಲ್ಲಿನ ಮೇಲೆ ಅವನ ಅವ್ವ ಕರೆದ ಹಾಗೆ ಬರಲಿ. ಹೆಸರು, ಊರು, ಸತ್ತ ವರ್ಷ, ಜಾಗ, ಇಷ್ಟು ಸಾಕು. ಸತ್ತ ದಿನಾಂಕದ ಕ್ರಮದಲ್ಲಿ ಬರಲಿ, ದರ್ಜೆಯ ಕ್ರಮದಲ್ಲಲ್ಲ.

ಕಲ್ಲು ಇಳಕಲ್ಲಿನ ಗ್ರಾನೈಟ್ ಇರಲಿ. ಪಕ್ಕದ ಬಾಗಲಕೋಟೆ ಜಿಲ್ಲೆಯದು, ದೇಶವಿದೇಶಕ್ಕೆ ಹೋಗುವ ಕಲ್ಲು. ಅಕ್ಷರವನ್ನು ಆಳವಾಗಿ ಕೆತ್ತಿಸಿ, ಬಣ್ಣ ಹೋದರೂ ಓದಲು ಬರುವಷ್ಟು. ಸ್ಟೀಲಿನ ಅಕ್ಷರ ಅಂಟಿಸಬೇಡಿ, ಎರಡು ಮಳೆಗಾಲದಲ್ಲಿ ಅರ್ಧ ಉದುರುತ್ತವೆ, ಉಳಿದದ್ದನ್ನು ಗುಜರಿಯವರು ಕಿತ್ತುಕೊಂಡು ಹೋಗುತ್ತಾರೆ. ಕೆಳಗೆ ಜಾಗ ಖಾಲಿ ಬಿಡಬೇಕು. ಬೆಳಗಿನ ಐದಕ್ಕೆ ಬಂದು ನೋಡಿ, ಭರ್ತಿಗೆ ತಯಾರಾಗುವ ಹುಡುಗರು 1,600 ಮೀಟರ್ ಓಟವನ್ನು ಈ ಸಿಪಾಯಿಯ ಕಟ್ಟೆಯಿಂದಲೇ ಶುರು ಮಾಡುತ್ತಾರೆ, ಒಬ್ಬ ಮೊಬೈಲ್ ಹಿಡಿದು ಟೈಮ್ ನೋಡುತ್ತ ಕಟ್ಟೆಯ ಮೇಲೆ ಕೂತಿರುತ್ತಾನೆ. ಆ ಖಾಲಿ ಜಾಗ ಖಾಲಿಯೇ ಉಳಿಯಲಿ ಅಂತ ನಾನೂ ಬೇಡಿಕೊಳ್ಳುತ್ತೇನೆ, ಆದರೆ ಬಿಡಬೇಕು.

ಉದ್ಘಾಟಿಸಿದವರ ಫಲಕ ಬೇಕೇ ಬೇಕು ಅಂತ ನಿಮಗಿದ್ದರೆ ಅದನ್ನು ಉದ್ಯಾನದ ಗೇಟಿಗೆ ಹಾಕಿಸಿ. ಹೆಸರಿನ ಗೋಡೆಯ ಮೇಲೆ ಬದುಕಿರುವವರ ಹೆಸರು ಒಂದೂ ಬರಬಾರದು. ನನ್ನದೂ ಸೇರಿ.

ಇನ್ನೊಂದು ಸಣ್ಣ ಕೆಲಸ, ಇದಕ್ಕೆ ಠರಾವೂ ಬೇಡ. ಹುಟ್ಟುಹಬ್ಬ, ಜಾತ್ರೆ, ಚುನಾವಣೆ ಬಂದಾಗ ಸಿಪಾಯಿಯ ಕೈಗೆ, ಬಂದೂಕಿಗೆ ಫ್ಲೆಕ್ಸಿನ ಹಗ್ಗ ಕಟ್ಟುತ್ತಾರೆ. ಪ್ಲಾಸ್ಟಿಕ್ ಫ್ಲೆಕ್ಸನ್ನು 2016ರಲ್ಲೇ ರಾಜ್ಯದಲ್ಲಿ ನಿಷೇಧಿಸಿದೆ. ಬಿಚ್ಚುವವರು ಫ್ಲೆಕ್ಸ್ ಒಯ್ದು ಹಗ್ಗ ಬಿಟ್ಟು ಹೋಗುತ್ತಾರೆ. ಈಗಲೂ ಬಲಗೈ ಮಣಿಕಟ್ಟಿಗೆ ನಾಲ್ಕು ಬಣ್ಣದ ನೈಲಾನ್ ಹಗ್ಗಗಳಿವೆ. ನಿಮ್ಮ ಪೌರಕಾರ್ಮಿಕರಿಗೆ ಒಂದು ಏಣಿ ಕೊಡಿ, ಅರ್ಧ ಗಂಟೆಯ ಕೆಲಸ. ಏಣಿ ಇಲ್ಲವೆಂದರೆ ಬ್ಯಾಂಕಿನದು ಕೊಡಿಸುತ್ತೇನೆ, ಮ್ಯಾನೇಜರನ್ನು ಕೇಳಿದ್ದೇನೆ.

ಈ ಪತ್ರದಲ್ಲಿ ತೀರಿಕೊಂಡ ನಮ್ಮೂರ ಒಬ್ಬರ ಹೆಸರನ್ನೂ ನಾನು ಬರೆದಿಲ್ಲ. ಎಲ್ಲ ಮನೆಗಳಿಗೂ ಹೋಗಿ ಕೇಳಿ ಮುಗಿದಿಲ್ಲ, ಕೇಳದೆ ಹತ್ತು ಜನ ಓದುವ ಕಾಗದಕ್ಕೆ ಹಾಕುವುದು ಸರಿಯಲ್ಲ. ಕಚ್ಚಾ ಪಟ್ಟಿಯನ್ನು ಬೇರೆ ಲಕೋಟೆಯಲ್ಲಿ ನಿಮ್ಮ ಆವಕ ವಿಭಾಗಕ್ಕೆ ಕೊಟ್ಟು ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡಿದ್ದೇನೆ. ಮುಂದಿನ ಸಾಮಾನ್ಯ ಸಭೆಯ ವಿಷಯಪಟ್ಟಿಯಲ್ಲಿ ಇದನ್ನು ಸೇರಿಸಬೇಕು, ಅಲ್ಲಿಯವರೆಗೆ ಹಳೆಯ ಮೂರ್ತಿಯನ್ನು ಇಳಿಸುವ ಟೆಂಡರ್ ಕರೆಯಬಾರದು. ಸಭೆಯ ದಿನ ಬ್ಯಾಂಕಿಗೆ ರಜೆ ಕೇಳಿಟ್ಟಿದ್ದೇನೆ. ಪ್ರೇಕ್ಷಕರ ಬೆಂಚಿನಲ್ಲಿ ಕೂತಿರುತ್ತೇನೆ, ಮಾತಾಡಲು ಅವಕಾಶ ಕೊಟ್ಟರೆ ಐದು ನಿಮಿಷದಲ್ಲಿ ಮುಗಿಸುತ್ತೇನೆ.

ಇಂತಿ,
ತಮ್ಮ ವಿಶ್ವಾಸಿ,
ನಮ್ಮೂರಿನ ಒಬ್ಬ ಮಾಜಿ ಹವಾಲ್ದಾರ